ಮೀಟರ್ ಸಾಹೇಬನ ಫೋನು

ಮೀಟರ್ ಮಾರಲು ಬಂದವನು ಮಾರಿ ಹೋಗಬೇಕಿತ್ತು. ಇವನು ಅವಳ ಪಕ್ಕದಲ್ಲೇ ಮೊಣಕಾಲೂರಿ ಕೂತುಬಿಟ್ಟ.

ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರಿನಲ್ಲೇ ಸೊಪ್ಪು ಬೆಳೆಯುವ ಹಸಿರುಮನೆ ಅದು. ಹೊಸದಾಗಿ ಮದುವೆಯಾದ ಅವಳೂ ಅವಳ ಗಂಡನೂ ಸೇರಿ ಶುರುಮಾಡಿದ್ದು.

"ನೋಡಿ ಮೇಡಂ, ಈ ಕಡ್ಡಿ ತುದೀಲಿ ಎರಡು ತಟ್ಟೆ ಇವೆ. ನೀರಲ್ಲಿ ಅದ್ದಿದ್ರೆ ಒಂದರಿಂದ ಇನ್ನೊಂದಕ್ಕೆ ಕರೆಂಟ್ ಹರಿಯುತ್ತೆ. ಗೊಬ್ಬರ ಜಾಸ್ತಿ ಇದ್ರೆ ಕರೆಂಟೂ ಜಾಸ್ತಿ, ನಂಬರೂ ಜಾಸ್ತಿ."

ಅವಳು ಬಗ್ಗಿ ನೋಡಿದಳು. ಕಿವಿಯ ಹಿಂದಿನ ಕೂದಲು ಕೆನ್ನೆಗೆ ಜಾರಿತು. ಅದನ್ನು ಆ ಮನುಷ್ಯನೂ ನೋಡಿದನೇ ಎಂದು ಗಂಡ ನೋಡುತ್ತಿದ್ದ.

ಆಮೇಲೆ ಶುರುವಾಯಿತು ಅವನಿಗೆ ಅವಳ ಫೋನು. ದಿನವೂ ಮೀಟರ್ ಬಗ್ಗೆ ಏನೋ ಒಂದು ಅನುಮಾನ, ಏನೋ ಒಂದು ನಗು. ಗಂಡನ ಹತ್ತಿರ ಮಾತ್ರ "ಊಟಕ್ಕೆ ಬನ್ನಿ" ಅನ್ನುವುದರ ಆಚೆಗೆ ಮಾತಿಲ್ಲ.

"ಮೀಟರ್ ಸಾಹೇಬ್ರು ಇವತ್ತೇನಂದ್ರು?"

"ಮೀಟರ್ ಸರಿಯಾಗೇ ತೋರಿಸ್ತಿದೆಯಂತೆ."

"ಅದಕ್ಕೆ ಅಷ್ಟು ನಗು ಬರುತ್ತಾ?"

ಅವಳು ಬುಟ್ಟಿ ಎತ್ತಿಕೊಂಡು ಸೊಪ್ಪು ಕೊಯ್ಯಲು ಹೋದಳು.

ಅವಳು ತವರಿಗೆ ಹೋದ ದಿನ, ತಾನೇನು ಕಡಿಮೆಯೆಂದು ಗಂಡನೇ ಮೀಟರಿನ ಕಡ್ಡಿಯನ್ನು ತೊಟ್ಟಿಯ ನೀರಿನಲ್ಲಿ ಅದ್ದಿದ. ನಂಬರ್ ತೀರಾ ಕಡಿಮೆ ಬಂತು. ಗೊಬ್ಬರದ ನೀರನ್ನು ಬಕೆಟ್‌ಗಟ್ಟಲೆ ಸುರಿದ. ಅವಳು ಮರಳುವಷ್ಟರಲ್ಲಿ ಎಲೆಗಳ ಅಂಚೆಲ್ಲ ಸುಟ್ಟಂತೆ ಕಂದಿಹೋಗಿತ್ತು.

"ಅದ್ದಿದ್ಮೇಲೆ ಕಡ್ಡೀನ ಅಲ್ಲಾಡಿಸಿದ್ರಾ?"

"ಯಾಕೆ?"

"ತಟ್ಟೆ ನಡುವೆ ಗಾಳಿಗುಳ್ಳೆ ಕೂತ್ರೆ ಕರೆಂಟ್ ಸರಿಯಾಗಿ ಹರಿಯಲ್ಲ ರೀ. ನಂಬರ್ ಸುಳ್ಳು ಬರುತ್ತೆ. ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?"

"ನಿನ್ನ ಫೋನ್ ಯಾವಾಗ ಬಿಡುವಾಗಿರುತ್ತೆ?" ಅಂದ ಅವನು. "ಅವನ ಹತ್ರ ನಗ್ತೀಯ. ನನ್ನ ಹತ್ರ ನಗಲ್ಲ. ನಂಗೆ ತಡ್ಕೊಳೋಕಾಗ್ತಿಲ್ಲ."

ಅವಳು ಕಣ್ಣರಳಿಸಿ ನಿಂತಳು.

"ಅವರ ಅವಳಿ ಮಕ್ಕಳ ತುಂಟಾಟ ಹೇಳ್ತಾರೆ, ನಗು ಬರುತ್ತೆ. ಅಷ್ಟಕ್ಕೇ ಹೊಟ್ಟೆಕಿಚ್ಚಾ ನಿಮ್ಗೆ?"

"ಹೂಂ."

"ನಿಮ್ಮ ದೊಡ್ಡಮ್ಮನ ಬಲವಂತಕ್ಕೆ ನನ್ನ ಕಟ್ಕೊಂಡ್ರಿ ಅಂದ್ಕೊಂಡಿದ್ದೆ. ಒಂದಿನಾನಾದ್ರೂ ನನ್ನ ಕಡೆ ನೋಡಿದ್ದೀರಾ?"

"ನೋಡ್ತಾನೇ ಇರ್ತೀನಿ. ನೀನು ತಿರುಗಿದ ತಕ್ಷಣ ಕಣ್ಣು ಬೇರೆ ಕಡೆ ಮಾಡ್ತೀನಿ."

ಅವಳ ಮುಖ ಕೆಂಪಗಾಯಿತು. ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ಬಿರಡೆ ಕಿತ್ತಳು. "ಅರ್ಧ ಖಾಲಿ ಮಾಡಿ ಒಳ್ಳೆ ನೀರು ಬಿಡ್ಬೇಕು. ಇನ್ನೂ ಉಳಿಸ್ಬಹುದು. ಪೈಪ್ ಹಿಡೀರಿ."

ಅವನು ಹಿಡಿದ. ಅವಳು ತಿರುಗಿ ನೋಡಿದಳು. ಅವನು ಕಣ್ಣು ತೆಗೆಯಲಿಲ್ಲ.

"ರೀ, ನೀರು ನನ್ನ ಕಾಲ ಮೇಲೆ ಬೀಳ್ತಿದೆ" ಅಂದಳು ಮೆಲ್ಲಗೆ, ಕಾಲನ್ನು ಅಲ್ಲೇ ಇಟ್ಟುಕೊಂಡು.