ಮಾರ್ಚ್ ಹತ್ತೊಂಬತ್ತರ ಕೇಕ್

ಇನ್ನೊಬ್ಬರ ನೋವಿನ ಕಡತ ಬಿಚ್ಚಿ ಪ್ರೇಮಕಥೆ ಹೇಳುವಷ್ಟು ಧೈರ್ಯ ನನಗೆ ಬರಬಾರದಿತ್ತೇನೋ. ತಪ್ಪಿದ್ದರೆ ಮನ್ನಿಸಿ.

ಲವಿಟಾ ಗಲ್ಫ್‌ನಲ್ಲಿ, ದೇರಾದ ಟೈಪಿಂಗ್ ಸೆಂಟರೊಂದರಲ್ಲಿ ವೀಸಾ ಫಾರಂ ತುಂಬುವವಳು. ಎರಡು ವರ್ಷದ ಹಿಂದೆ ಜೆಬೆಲ್ ಅಲಿ ಬಂದರಿನ ಇಂಜಿನಿಯರ್ ಮಿಕೆಲ್ ಅವಳ ಕೌಂಟರಿಗೆ ಬಂದಿದ್ದ. ಮುಖ ಕೊರಿಯಾದ್ದು, ಪಾಸ್‌ಪೋರ್ಟ್ ಡೆನ್ಮಾರ್ಕಿನದು. ಐದು ತಿಂಗಳ ಮಗುವಾಗಿದ್ದಾಗ ದತ್ತು ಹೋದವನು.

ಅವನ ಹುಟ್ಟಿದ ದಿನ ಟೈಪ್ ಒತ್ತುವಾಗ ಅವಳ ಬೆರಳು ನಿಂತಿತ್ತು. "ಮಾರ್ಚ್ ಹತ್ತೊಂಬತ್ತಾ? ನನ್ನದೂ ಅದೇ."

"ಹಾಗಾದರೆ ಒಂದು ಕೇಕ್ ಉಳಿಯಿತು," ಎಂದು ಅವನು ನಕ್ಕಿದ್ದ. ಎಡಗೆನ್ನೆಯಲ್ಲಿ ಮಾತ್ರ ಗುಳಿ. ಆಮೇಲಿನ ಎರಡು ಮಾರ್ಚ್‌ಗಳಲ್ಲೂ ಒಂದೇ ಕೇಕ್, ಎರಡು ಮೇಣದಬತ್ತಿ.

ಈಗ ಚರ್ಚಿನಲ್ಲಿ ಮದುವೆಗೆ ಇಗರ್ಜಿಯ ಫಾರಂ ಬಂದಿದೆ. ಕೆಫೆಟೇರಿಯಾದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಕೂತರೆ ಮಿಕೆಲ್ ಪೆನ್ನನ್ನೇ ಮುಟ್ಟಲಿಲ್ಲ.

"ಎಂತ ಮಾರಾಯ, ಮನಸ್ಸು ಬದಲಾಯ್ತಾ?" ತಮಾಷೆಗೆ ಕೇಳಿದಳು.

ಅವನು ಫೋನ್ ಮುಂದೆ ತಳ್ಳಿದ. ಮದುವೆಗೆಂದು ಸಿಯೋಲ್‌ನ ದತ್ತು ಸಂಸ್ಥೆಯಿಂದ ತರಿಸಿದ ಹಳೆಯ ಕಡತ, ಇಂಗ್ಲಿಷ್ ಅನುವಾದದ ಸಮೇತ. ಮಾರ್ಚ್ ಹತ್ತೊಂಬತ್ತರಂದು ಹುಟ್ಟಿದ ಗಂಡುಮಗು ವಿಮಾನ ಹತ್ತುವ ಮೊದಲೇ ನ್ಯುಮೋನಿಯಾದಿಂದ ತೀರಿಕೊಂಡಿತ್ತು. ಕೆಳಗೆ ಯಾರದೋ ಟಿಪ್ಪಣಿ: 'ಕಾಗದ ತಯಾರಿದೆ. ಅದೇ ಹೆಸರು, ಅದೇ ತಾರೀಕಿನಲ್ಲಿ ಬೇರೆ ಮಗು ಕಳುಹಿಸಿ. ತೂಕ ಒಳ್ಳೆಯದು, ಅಳು ಕಡಿಮೆ.'

ಆ ಬೇರೆ ಮಗು ಮಿಕೆಲ್.

ಲವಿಟಾ ಟಿಪ್ಪಣಿಯನ್ನು ಇನ್ನೊಮ್ಮೆ ಓದಿದಳು. ಮೀನು ಮಾರ್ಕೆಟ್‌ನಲ್ಲಿ ಕಿವಿರು ಬಿಡಿಸಿ ತೋರಿಸುವವನಿಗೂ ಇದಕ್ಕಿಂತ ಮರ್ಯಾದೆ ಉಂಟು. ಚಹಾದ ಕೆನೆ ತುಟಿಗೆ ಅಂಟಿದ್ದೂ ಅಸಹ್ಯವಾಯಿತು. ಅದಕ್ಕಿಂತ ಹೇಸಿಗೆ ತನ್ನ ಮೇಲೇ. ತಾಯಿಯ ಹೆಸರು ಗೊತ್ತಿಲ್ಲ ಎಂದವರಿಗೆ, 'ಕಾಲಂ ಖಾಲಿ ಬಿಡ್ಲಿಕ್ಕಿಲ್ಲ' ಎನ್ನುತ್ತಾ ಬಾಯಿಗೆ ಬಂದ ಹೆಸರನ್ನು ಅವಳೂ ಒತ್ತಿದ್ದಳು, ಎದುರಿನವರ ಮುಖ ಸಹ ನೋಡದೆ.

"ಆ ತಾರೀಕು ಸತ್ತ ಮಗುವಿನದು," ಅಂದ ಮಿಕೆಲ್. "ಮೂವತ್ತೆಂಟು ವರ್ಷ ಅವನ ಕೇಕ್ ತಿಂದೆ. ನೀನು ನನ್ನತ್ತ ನೋಡಿದ್ದೂ ಆ ತಾರೀಕಿನಿಂದಲೇ. ಮದುವೆ ಬೇಡ ಅನ್ನಿಸಿದರೆ ಇವತ್ತೇ ಹೇಳು."

"ತಾರೀಕು ನೋಡಿದ್ದು ಆಮೇಲೆ. ಮೊದಲು ಪಕ್ಕದ ಕೌಂಟರಿನವರು ನಿನ್ನ ಟೋಕನ್ ಕರೆದರು. ನೀನು ಲೇಸ್ ಕಟ್ಟುವ ಹಾಗೆ ಬಗ್ಗಿ ಕೂತೆ, ನನ್ನ ಕೌಂಟರ್ ಖಾಲಿಯಾಗುವವರೆಗೆ. ಹಾಕಿದ್ದು ಲೇಸ್ ಇಲ್ಲದ ಶೂ."

ಅವನ ಕಿವಿ ಕೆಂಪಾಯಿತು. "ನೋಡಿದ್ದೆಯಾ?"

"ಅದನ್ನು ನೋಡಿಯೇ ಬಿದ್ದದ್ದು, ಮಾರಾಯ. ಅದನ್ನು ಯಾವ ಸಂಸ್ಥೆಯೂ ಬರೆದುಕೊಟ್ಟದ್ದಲ್ಲ."

ಅವನು ಪೆನ್ನು ಎತ್ತಿಕೊಂಡ. ಒಂದು ಸಾಲು ಬಿಟ್ಟು ಉಳಿದದ್ದನ್ನೆಲ್ಲ ತುಂಬಿದ.

ಮರುದಿನ ಇಗರ್ಜಿ ಆಫೀಸಿನ ಕ್ಯಾಮಿಲಸ್ ಕನ್ನಡಕ ಮೂಗಿಗಿಳಿಸಿದರು. "ಬಾಯೇ, ಹುಡುಗನ ಹುಟ್ಟಿದ ದಿನ ಖಾಲಿ ಉಂಟಲ್ಲ?"

"ಖಾಲಿಯೇ ಇರ್ಲಿ ಅಂಕಲ್. ಪಾಸ್‌ಪೋರ್ಟ್ ಕಾಪಿ ಹಿಂದೆ ಉಂಟು, ಬೇಕಾದ್ರೆ ನೀವು ಬರ್ಕೊಳ್ಳಿ. ನಾವು ಬರೆಯೋದಿಲ್ಲ."

ಮೇಜಿನ ಕೆಳಗೆ ಮಿಕೆಲ್‌ನ ಬೆರಳು ಅವಳ ಬೆರಳನ್ನು ಹುಡುಕಿಕೊಂಡು ಬಂತು.

ಮದುವೆಯಾದ ಮೇಲಿನ ಮಾರ್ಚ್‌ನಲ್ಲೂ ಕೇಕಿನ ಮೇಲೆ ಎರಡು ಬತ್ತಿ. ಒಂದು ಲವಿಟಾಳದು, ಇನ್ನೊಂದು ಆ ಮಗುವಿನದು. ಎರಡನೆಯದನ್ನು ಯಾರೂ ಊದಲಿಲ್ಲ. ತಾನಾಗಿ ಉರಿದು ಮುಗಿಯಲು ಬಿಟ್ಟರು.

ಆ ಮಗುವನ್ನು ಎಲ್ಲಿ ಮಣ್ಣು ಮಾಡಿದರು, ಮಿಕೆಲ್ ಹುಟ್ಟಿದ್ದು ಯಾವ ದಿನ, ಅವನನ್ನು ಒಯ್ಯುವಾಗ ಅವನ ತಾಯಿಗೆ ಯಾರಾದರೂ ಹೇಳಿದ್ದರೇ, ಇದೊಂದೂ ಇನ್ನೂ ಗೊತ್ತಾಗಿಲ್ಲ.