ಬೋರ್ಡಿಗೆ ಎಣ್ಣೆ

“ಇನ್ನೂ ಉಜ್ಜು ಮಾರಾಯ, ಆ ಮೂಲೆ ಬೆಳ್ಳಗೆ ಕಾಣ್ತದೆ!”

ಶಾಲೆಯ ಜಗಲಿಯಲ್ಲಿ ಮಲಗಿಸಿದ ಬೋರ್ಡಿಗೆ ಪಿಯುಸ್ ಮಸಿ ಉಜ್ಜುತ್ತಿದ್ದ. ಪಂಕಜಾಕ್ಷಿ ತೆಂಗಿನ ಗೆರಟೆಯ ಇದ್ದಿಲನ್ನು ತೊಂಡೆಸೊಪ್ಪಿನ ಜೊತೆ ಜಜ್ಜಿ ಕೊಡುತ್ತಿದ್ದಳು. ಜೂನಿನಲ್ಲಿ ಶಾಲೆ ತೆರೆಯುವ ದಿನ ಐದನೆಯ ಕ್ಲಾಸಿನವರು ಮಾಡುವ ಕೆಲಸ ಅದು. ಇಬ್ಬರ ಮೂಗೂ ಕಪ್ಪಾಗಿತ್ತು.

“ಹೊಳೆಯುವುದೇ ಇಲ್ಲವಲ್ಲ,” ಎಂದಳು ಪಂಕಜಾಕ್ಷಿ.

“ಅದಕ್ಕೆ ಮದ್ದುಂಟು.” ಪಿಯುಸ್ ಚಡ್ಡಿಯ ಕಿಸೆಯಿಂದ ಸಣ್ಣ ಕುಪ್ಪಿ ತೆಗೆದ. ತೆಂಗಿನೆಣ್ಣೆ!

ಬೇರೆ ದಿನವಾದರೆ ಅವಳು ಬೇಡ ಅನ್ನುತ್ತಿದ್ದಳು. ಇವತ್ತು ಬೋರ್ಡು ಹೊಳೆಯಲೇಬೇಕಿತ್ತು. ಹೊಳೆದರೆ ಮಾಷ್ಟ್ರು ನೋಡಿಯಾರು.

ಕಳೆದ ವರ್ಷ ತಿರುಮಲೇಶ್ವರ ಮಾಷ್ಟ್ರು ಬೋರ್ಡಿನ ಕಡೆ ತಿರುಗಿದ್ದೇ ಕಡಿಮೆ. ಐದು ಕ್ಲಾಸಿಗೂ ಅವರೊಬ್ಬರೇ. ಮಗ್ಗಿ ಹೇಳಿ ಎಂದು ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಬೆಲ್ಲು ಹೊಡೆದಾಗಲೇ ತೆರೆಯುವುದು. ಮಗ್ಗಿ ತಪ್ಪಿದರೂ ಬೈಯುತ್ತಿರಲಿಲ್ಲ. ಬೈಯದ ಮಾಷ್ಟ್ರನ್ನು ಕಂಡರೆ ಅವಳಿಗೆ ಹೆದರಿಕೆಯಾಗುತ್ತಿತ್ತು.

ಈಗ ಪಿಯುಸನ ಅಪ್ಪ ಮೊರಿಸ್ ಪೊರ್ಬುಗಳು ಅವರನ್ನು ತಮ್ಮ ಜವಳಿ ಅಂಗಡಿಯ ಕೆಲಸಕ್ಕೆ ಕರೆದಿದ್ದರು. ಸಂಜೆಯೊಳಗೆ ಉತ್ತರ ಹೇಳಬೇಕಂತೆ.

“ಮಾಷ್ಟ್ರು ಹೋದರೆ ಶಾಲೆ ಮುಚ್ಚಿದ ಹಾಗೆಯೇ. ಮತ್ತೆ ನೀನು ನನ್ನ ಜೊತೆ ಬೀಡಿ ಕಟ್ಟಲಿಕ್ಕೆ ಕೂರು,” ಎಂದು ಅಮ್ಮ ಹೇಳಿಯಾಗಿತ್ತು.

“ನಿನ್ನ ಪಪ್ಪನಿಗೆ ಬೇರೆ ಜನ ಸಿಗಲಿಲ್ವಾ?” ಎಂದು ಪಿಯುಸನನ್ನು ಕೇಳಿದಳು ಪಂಕಜಾಕ್ಷಿ.

“ನನ್ನ ಹತ್ತಿರ ಕೇಳಿ ಕರೆದದ್ದಾ ಅವರು?” ಪಿಯುಸ್ ಕುಪ್ಪಿಯನ್ನು ಪೂರ್ತಿ ಬಗ್ಗಿಸಿದ.

ಬೆಲ್ಲಾಯಿತು. ಮಾಷ್ಟ್ರು ಬಂದು ಕುರ್ಚಿಯಲ್ಲಿ ಕೂತರು. ಸ್ಟ್ಯಾಂಡಿನ ಮೇಲೆ ಬೋರ್ಡು ಮಿಂದ ಎಮ್ಮೆಯಂತೆ ಮಿನುಗುತ್ತಿತ್ತು. ಅವರು ನೋಡಿದರು, ಎದ್ದರು, ಸೀಮೆಸುಣ್ಣ ಹಿಡಿದು ಗೀರಿದರು. ಜಾರಿತು. ಒತ್ತಿ ಗೀರಿದರು. ಮತ್ತೂ ಜಾರಿತು.

ಮಾಷ್ಟ್ರು ಬೋರ್ಡನ್ನು ಮೂಸಿದರು.

“ಒಗ್ಗರಣೆ ಹಾಕಿದ್ದು ಯಾರು?”

ಪಿಯುಸ್ ಪಂಕಜಾಕ್ಷಿಯನ್ನು ತೋರಿಸಿದ. ಪಂಕಜಾಕ್ಷಿ ಪಿಯುಸನನ್ನು ತೋರಿಸಿದಳು.

“ಕತ್ತೆಗಳಾ!”

ಪಂಕಜಾಕ್ಷಿ ತಲೆ ತಗ್ಗಿಸಿದಳು. ನಗು ಬಂದದ್ದು ಕಾಣಬಾರದಲ್ಲ.

ಮಾಷ್ಟ್ರು ಪಂಚೆ ಎತ್ತಿ ಕಟ್ಟಿದರು. “ಬೂದಿ ತನ್ನಿ. ನೀರು ತನ್ನಿ. ನಿಂತು ನೋಡುವುದೆಂತ?”

ಬೋರ್ಡು ಅಂಗಳಕ್ಕೆ ಇಳಿಯಿತು. ಬೂದಿ ಹಾಕಿ ತಿಕ್ಕಿ ಎಣ್ಣೆ ಬಿಡಿಸುವಾಗ ಮಧ್ಯಾಹ್ನದ ಗಂಜಿಯ ಹೊತ್ತಾಗಿತ್ತು. ಆಮೇಲೆ ಇದ್ದಿಲು ಅರೆಯಲು ಮಾಷ್ಟ್ರು ತಾವೇ ಕುಕ್ಕುರುಗಾಲಿನಲ್ಲಿ ಕೂತರು. “ಹೀಗೆ, ಕಾಡಿಗೆಯಷ್ಟು ನುಣ್ಣಗೆ. ಒಂದು ಸಲ ಒಣಗಿದ ಮೇಲೆ ಇನ್ನೊಂದು ಸಲ. ಯಾರೂ ಹೇಳಿಕೊಡಲಿಲ್ವಾ ನಿಮಗೆ?”

“ನೀವು ಹೇಳಿಕೊಡಲಿಲ್ಲ ಮಾಷ್ಟ್ರೆ,” ಎಂದಳು ಪಂಕಜಾಕ್ಷಿ.

ಅವರ ಕೈ ಒಂದು ಕ್ಷಣ ನಿಂತಿತು. ಮತ್ತೆ ಅರೆಯತೊಡಗಿತು.

ಬೋರ್ಡು ಒಣಗಿತು. ಮಾಷ್ಟ್ರು ಲೆಕ್ಕ ಬರೆದರು. ಅಕ್ಷರ ಬೆಳ್ಳಗೆ ನಿಂತಿತು. ಅಳಿಸಿ ಇನ್ನೊಂದು ಬರೆದರು. ಮಗ್ಗಿಯಲ್ಲಿ ಏಳೆಂಟ್ಲ ತಪ್ಪಿದ ಪಿಯುಸನಿಗೆ ಚೆನ್ನಾಗಿ ಬೈದರು. ಸಂಜೆಯ ಬೆಲ್ಲು ಹೊಡೆಯುವುದೇ ಮರೆತುಹೋಯಿತು.

ಬಾಗಿಲಲ್ಲಿ ಮೊರಿಸ್ ಪೊರ್ಬುಗಳು ಬಂದು ನಿಂತಿದ್ದರು, ಕೈಯಲ್ಲಿ ಕೊಡೆ.

ಮಾಷ್ಟ್ರು ಮಸಿಯ ಕೈ ಒರೆಸಲಿಲ್ಲ. ಉಳಿದ ಸೀಮೆಸುಣ್ಣದ ತುಂಡನ್ನು ಡಬ್ಬಿಗೆ ಹಾಕದೆ ನಾಳೆಗೆಂದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಪಂಕಜಾಕ್ಷಿ ಅದನ್ನು ನೋಡಿದಳು. ಮೆಲ್ಲನೆ ಸ್ಲೇಟನ್ನು ಚೀಲಕ್ಕೆ ಹಾಕಿದಳು.

“ಎಂತ ಮಾಷ್ಟ್ರೆ, ನಾಳೆಯಿಂದ ಅಂಗಡಿಗೆ ಬರ್ತೀರಲ್ಲ? ಕೂತಲ್ಲಿಂದ ಏಳಲಿಕ್ಕೇ ಇಲ್ಲ.”

“ಇಲ್ಲ ಪೊರ್ಬುಗಳೇ, ನಾನು ಬರುವುದಿಲ್ಲ.”