ಹಗುರ ಕೆಲಸ

"ಡಾಕ್ಟ್ರ ಮುಂದೆ ನಿಂತ್ಕಂಡು, ನನ್ ಕೈಲಿ ಆಗಕಿಲ್ಲ ಅಂತ ಒಂದ್ಮಾತು ಹೇಳ್ಬುಡು. ಅಷ್ಟೇಯ! ನಿನ್ನ ಜಾಗಕ್ಕೆ ತಿಮ್ಮರಾಜು ಸೇರ್ಕತಾನೆ. ನೀನು ದೇವಲಾಪುರಕ್ಕೋಗಿ ನಿಮ್ಮವ್ವನ ತಾವ ಕುಂತ್ಕೊ!"

ಅತ್ತೆ ಚಿಕ್ಕಬೋರಮ್ಮ ಮುದ್ದೆ ತಟ್ಟೆಯನ್ನು ಜಗಲಿಯ ಮೇಲೆ ಕುಕ್ಕಿದ ರಭಸಕ್ಕೆ ಸಾರು ಚೆಲ್ಲಿ ಚಲುವಮ್ಮನ ಸೆರಗಿಗೆ ಸಿಡಿಯಿತು. ಬೂಕನಕೆರೆಯ ಆ ಮನೆಯಲ್ಲಿ ಚಲುವಮ್ಮನ ಊಟ ಜಗಲಿಯ ಮೇಲೆಯೇ. ಅವಳಿಗೆ ಕೆಮ್ಮು ಶುರುವಾದಾಗಿನಿಂದ ಬೇರೆ ತಟ್ಟೆ, ಬೇರೆ ಚೊಂಬು. ಆ ಚೊಂಬೋ, ಹೊಟ್ಟೆ ನೆಗ್ಗಿ ಹೋದ ಅಲ್ಯೂಮಿನಿಯಂ ಚೊಂಬು! ಅದನ್ನು ಮನೆಯವರ್ಯಾರೂ ಮುಟ್ಟುತ್ತಿರಲಿಲ್ಲ. ಗಂಡ ಶಿವಣ್ಣ ಇದೇ ರೀತಿ ಕೆಮ್ಮಿ ಕೆಮ್ಮಿಯೇ ಹೋದವನು. "ನಿನ್ನ ಕಾಲ್ಗುಣ ನನ್ನ ಮಗನ್ನ ತಿಂತು" ಎಂದು ಅತ್ತೆ ಹೇಳದ ದಿನವಿಲ್ಲ. ಕೇಳಿ ಕೇಳಿ ಚಲುವಮ್ಮನ ಕಿವಿ ಜಡ್ಡುಗಟ್ಟಿತ್ತು.

ಆದರೆ ಇವತ್ತು ಅವಳು ತಟ್ಟೆ ಮುಟ್ಟದೆ ತಲೆಯೆತ್ತಿದಳು.

"ನಾನು ದೇವಲಾಪುರಕ್ಕೋದ್ರೆ ರಂಜಿತ?"

"ಕೂಸು ನಮ್ಮನೇದು. ನಮ್ಮ ಸಿವಣ್ಣನ ಕುಡಿ ನಿನ್ನ ಹಿಂದ್ಯಾಕೆ ಬಂದದು?"

ನೋಡಿ, ಎಂಥ ಮಾತು! ಹೆತ್ತವಳ ಎದುರಿಗೇ! ಚಲುವಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು. ಅತ್ತರೆ ಕೆಮ್ಮು ಬರುತ್ತದೆ, ಕೆಮ್ಮಿದರೆ ಅತ್ತೆಗೆ ಇನ್ನೊಂದು ಮಾತು ಸಿಗುತ್ತದೆ... ಉಸಿರು ಬಿಗಿಹಿಡಿದು ಎದ್ದಳು. "ನನ್ನ ಕೆಲ್ಸಾನೂ ಬುಡಕಿಲ್ಲ, ನನ್ನ ಮಗೀನೂ ಬುಡಕಿಲ್ಲ" ಎಂದು ಅಂಗಳಕ್ಕಿಳಿದಳು.

ಆ ಕೆಲಸದ ವಿಚಾರ ಹೇಳಬೇಕು. ಕೆ.ಆರ್. ಪೇಟೆ ರಸ್ತೆಯಲ್ಲಿ ಒಂದು ರಟ್ಟಿನ ಮಿಲ್ಲಿತ್ತು. ಕಬ್ಬು ಅರೆದ ಮೇಲೆ ಉಳಿಯುವ ರಚ್ಚನ್ನು ಲಾರಿಗಟ್ಟಲೆ ತರಿಸಿ, ಮೆದೆ ಒಟ್ಟಿ, ವರ್ಷವಿಡೀ ಅದರಿಂದ ರಟ್ಟು ಮಾಡುತ್ತಿದ್ದರು. ಕೆಲಸಗಾರ ಸತ್ತರೆ, ಇಲ್ಲವೇ ಕೈಲಾಗದೆ ಕೂತರೆ, ಅದೇ ಮನೆಯ ಇನ್ನೊಬ್ಬರಿಗೆ ಕೆಲಸ. ಅದು ಮಿಲ್ಲಿನ ರೂಢಿ. ಶಿವಣ್ಣನ ಜಾಗ ಚಲುವಮ್ಮನಿಗೆ ಬಂದದ್ದು ಹಾಗೆ. ಈಗ ಚಲುವಮ್ಮ ಕೂತರೆ ಆ ಜಾಗ ಮೈದುನ ತಿಮ್ಮರಾಜುವಿಗೆ!

ಮಿಲ್ಲಿನ ಮೇಸ್ತ್ರಿ ಜಯರಾಮಯ್ಯ ಕೆಟ್ಟವನೇನಲ್ಲ. ಚಲುವಮ್ಮ ಕೆಮ್ಮುವುದು ಕಂಡು, ಹಸಿ ರಚ್ಚಿನ ಭಾರ ಹೊರುವುದು ಬಿಡಿಸಿ, ಹಳೇ ಮೆದೆ ಒಡೆಯುವ ಹಗುರ ಕೆಲಸಕ್ಕೆ ಹಾಕಿದ್ದ. ಒಣಗಿದ ರಚ್ಚು ಹತ್ತಿಯಷ್ಟು ಹಗುರ. ಮೈಗೆ ಹುಷಾರಿಲ್ಲದವರಿಗೆ ಅದೇ ಕೆಲಸ ಎಂದು ಮಿಲ್ಲಿನಲ್ಲಿ ಎಲ್ಲರೂ ನಂಬಿದ್ದರು. ಶಿವಣ್ಣನಿಗೂ ಕೊನೆಗೆ ಅದನ್ನೇ ಕೊಟ್ಟಿದ್ದರು. ಅಷ್ಟು ಮಾಡಿದರೂ ಚಲುವಮ್ಮನಿಗೆ ಏದುಸಿರು ಹೆಚ್ಚಿದಾಗ, ಮಿಲ್ಲಿನವರು ಕಫ ಪರೀಕ್ಷೆ, ಎಕ್ಸರೇ ಮಾಡಿಸಿ, ಶ್ರೀರಂಗಪಟ್ಟಣದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ದುಡಿಯುವವರ ಕಾಯಿಲೆ ನೋಡುವ ಡಾಕ್ಟರಂತೆ. ಆ ಚೀಟಿ ಸಿಕ್ಕಿದವರ ಕತೆ ಮುಗಿದಂತೆಯೇ ಎಂದು ಮಿಲ್ಲಿನ ಹೆಂಗಸರು ಗುಸುಗುಸು ಮಾತಾಡಿಕೊಂಡರು.

ಆ ಚೀಟಿ ಹಿಡಿದು ಇವತ್ತು ಚಲುವಮ್ಮ ಬಸ್ಸು ಹತ್ತಿದರೆ, ಹಿಂದೆಯೇ ಚಿಕ್ಕಬೋರಮ್ಮನೂ ಹತ್ತಿದಳು. ಸೊಸೆ ಎಲ್ಲಿ ಸುಳ್ಳು ಹೇಳಿ ಕೆಲಸ ಉಳಿಸಿಕೊಳ್ಳುತ್ತಾಳೋ ಎಂದು ಕಾವಲು! ಪಾಂಡವಪುರ ದಾಟಿ ಇಬ್ಬರೂ ಶ್ರೀರಂಗಪಟ್ಟಣದಲ್ಲಿ ಇಳಿದರು.

ಡಾಕ್ಟರು ಹೆಂಗಸು, ಹೆಸರು ಪುಟ್ಟಲಕ್ಷ್ಮಿ. ತಲೆ ನರೆತಿತ್ತು, ದನಿ ಮಾತ್ರ ಖಡಕ್ಕು. ಚಿಕ್ಕಬೋರಮ್ಮ "ನಾನು ಇವ್ಳ ಅತ್ತೆ" ಎನ್ನುತ್ತ ಮುಂದೆ ನುಗ್ಗಿದ್ದೇ ತಡ, ಕೈ ಅಡ್ಡ ಹಿಡಿದರು.

"ನೀವು ಆಚೆ ಇರಿ ಅಮ್ಮ. ನಿಮ್ಮ ಸೊಸೆ ಒಪ್ಪಿದರೆ ಮಾತ್ರ ಒಳಗೆ."

ಅತ್ತೆಯನ್ನು ಆಚೆ ನಿಲ್ಲಿಸುವ ಅಧಿಕಾರ! ಈ ಜನ್ಮದಲ್ಲಿ ಚಲುವಮ್ಮನಿಗೆ ಯಾರೂ ಅಂಥದ್ದನ್ನು ಕೊಟ್ಟಿರಲಿಲ್ಲ. ಒಂದು ಗಳಿಗೆ ಯೋಚಿಸಿದಳು. ಬೇಡ... ಮರೆಯಲ್ಲಿ ಏನು ಹೇಳಿದರೂ ಊರಿಗೆ ಹೋಗುವಷ್ಟರಲ್ಲಿ ಸುಳ್ಳಾಗುತ್ತದೆ.

"ಬರ್ಲಿ ಕಣಮ್ಮ. ಎಲ್ಲಾ ಅವರ ಮುಂದ್ಗಡೇನೇ ಆಗೋಗ್ಲಿ. ನನ್ನ ಕೆಲ್ಸದಿಂದ ತೆಗೀಬೇಕು ಅಂತಿದ್ರೆ ಅದ್ನೂ ಅವರ ಮುಂದೇನೇ ಹೇಳ್ಬುಡಿ."

"ಕೆಲಸದಿಂದ ತೆಗೆಯೋದು ನನ್ನ ಕೆಲಸ ಅಲ್ಲಮ್ಮ. ನಿಮಗೆ ಆ ಕೆಲಸ ಒಗ್ಗುತ್ತಾ, ಆ ಕೆಲಸವೇ ನಿಮ್ಮನ್ನ ಕೆಡಿಸ್ತಿದೆಯಾ ಅಂತ ನೋಡ್ತೀನಿ. ಮಿಲ್ಲಿಗೆ ಏನು ಬರೆದರೂ ಮೊದಲು ನಿಮಗೆ ಓದಿ ಹೇಳ್ತೀನಿ. ಕಾಯಿಲೆ ವಿಚಾರ ಬರೀಬೇಡಿ ಅಂದ್ರೆ ಬರೆಯಲ್ಲ. ನಾನು ಸಲಹೆ ಕೊಡಬಹುದು ಅಷ್ಟೇ, ತೀರ್ಮಾನ ಮಿಲ್ಲಿನವರದ್ದು."

ಆಮೇಲೆ ಎದೆ, ಬೆನ್ನು ನೋಡಿದರು. ಒಂದು ಕೊಳವೆ ಬಾಯಿಗಿಟ್ಟು ಜೋರಾಗಿ ಊದಿಸಿದರು. ಊದುವಷ್ಟರಲ್ಲಿ ಚಲುವಮ್ಮನ ಕಣ್ಣಲ್ಲಿ ನೀರು ಬಂತು. "ಏನು ಕೆಲಸ? ಹೇಗೆ ಮಾಡ್ತೀರಿ? ಕೈಯಲ್ಲಿ ಮಾಡಿ ತೋರಿಸಿ" ಎಂದು ಕೆಲಸದ ಬಗ್ಗೆಯೇ ಹೆಚ್ಚು ಕೇಳಿದರು. ಕೊನೆಗೆ, "ರಜದ ದಿನ ಹೇಗಿರುತ್ತೆ?" ಎಂದರು.

ಚಲುವಮ್ಮ ಬಾಯಿ ತೆರೆಯುವ ಮೊದಲೇ ಚಿಕ್ಕಬೋರಮ್ಮ ಎದ್ದು ನಿಂತಳು. ಇಷ್ಟು ಹೊತ್ತು ಕಾದದ್ದೇ ಈ ಗಳಿಗೆಗೆ!

"ನನ್ನ ಕೇಳಿ ಡಾಕ್ಟ್ರಮ್ಮ, ನಾನೇಳ್ತೀನಿ! ಇವ್ಳದೆಲ್ಲಾ ನಾಟ್ಕ. ಮಿಲ್ಲಿಂದ ಬಂದ್ರೆ ಸಂಜೆಗೆ ಜ್ವರ, ಕೆಮ್ಮು, ಏದುಸಿರು. ಅದೇ ತವರಿಗೋಗಿ ಒಂದ್ವಾರ ಇರ್ಲಿ, ಕೆಮ್ಮೂ ಇಲ್ಲ, ಎಂತದೂ ಇಲ್ಲ! ಗುಂಡ್ಕಲ್ಲಂಗೆ ಬತ್ತಾಳೆ. ಮತ್ತೆ ಮಿಲ್ಲಿಗೋದ ದಿನಾನೇ ಸುರು! ಇದು ಕಾಯ್ಲೆನಾ, ನೀವೇ ಹೇಳಿ!"

ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು.

"ಕಾಯಿಲೆಯೇ ಅಮ್ಮ. ನೀವು ಹೇಳಿದ್ದೇ ಅದರ ಗುರುತು. ಕಫದಲ್ಲಿ ಕ್ಷಯ ಇಲ್ಲ. ಇದು ಯಾರಿಗೂ ಅಂಟೋದಿಲ್ಲ. ಹಳೇ ರಚ್ಚಿನಲ್ಲಿ ಬೂಷ್ಟು ಹಿಡಿದಿರುತ್ತೆ. ಮೆದೆ ಒಡೆದಾಗ ಏಳುತ್ತಲ್ಲ, ಆ ಧೂಳು ಶ್ವಾಸಕೋಶಕ್ಕೆ ಹೋಗಿ ಹೀಗೆ ಮಾಡುತ್ತೆ. ಹಗುರ ಕೆಲಸ ಅಂತ ಕೊಟ್ಟಿದ್ದಾರಲ್ಲ, ಅದೇ ಇವರಿಗೆ ಮುಳುವಾಗಿದೆ. ಈಗಲೇ ಬಿಡಿಸಿದರೆ ವಾಸಿಯಾಗುತ್ತೆ. ಬಿಡಿಸದೆ ವರ್ಷಗಟ್ಟಲೆ ಬಿಟ್ಟರೆ..."

ಚಿಕ್ಕಬೋರಮ್ಮ ಬೆಂಚಿನ ಮೇಲೆ ದೊಪ್ಪನೆ ಕುಸಿದಳು.

"ಸಿವಣ್ಣ..." ಎಂದಳು. "ನಾಟಿ ಟೇಮಲ್ಲಿ ರಜಾ ಹಾಕ್ಕಂಡು ಬತ್ತಿದ್ದ ಡಾಕ್ಟ್ರಮ್ಮ. ಗದ್ದೇಲಿ ಒಂದ್ಸಲಾನೂ ಕೆಮ್ತಿರ್ನಿಲ್ಲ... ಕೆಲ್ಸುಕ್ಕೆ ಕಳ್ಳ ಬಿದ್ದು ಮನೇಲಿ ಕುಂತ್ಕತಾನೆ ಅಂತ ನಾನೇ ಬಯ್ದು ಬಯ್ದು ಮಿಲ್ಲಿಗೆ ಅಟ್ತಿದ್ದೆ! ಅಯ್ಯೋ ನನ್ನ ಕಂದ... ನಾನೇ ಅಟ್ದೆನಲ್ಲಪ್ಪಾ!"

ಚಲುವಮ್ಮನ ಎದೆಯಲ್ಲಿ ಎಷ್ಟು ವರ್ಷದ ಸಿಟ್ಟಿತ್ತು! ಒಂದು ಮಾತು ಅಂದುಬಿಡಬಹುದಿತ್ತು. ಆದರೆ ಅತ್ತೆಯ ಬೆನ್ನ ಮೇಲೆ ಕೈಯಿಟ್ಟು, ಡಾಕ್ಟರ ಕಡೆ ತಿರುಗಿದಳು.

"ಈಗ ಏನು ಬರೀತೀರಿ ಅಮ್ಮ?"

"ಧೂಳಿಲ್ಲದ ಜಾಗದಲ್ಲಿ ಕೆಲಸ ಕೊಡಿ ಅಂತಷ್ಟೇ ಬರೀಬಹುದು. ರಚ್ಚಿನಿಂದಲೇ ಹೀಗಾಗಿದೆ, ನೀರು ಹಾಯಿಸದೆ ಮೆದೆ ಒಡೆಯಬೇಡಿ ಅಂತಲೂ ಬರೀಬಹುದು. ಅದನ್ನ ಬರೆದರೆ ಮಿಲ್ಲಿನವರು ನಿಮ್ಮ ಮೇಲೆ ಮುನಿಸ್ಕೋಬಹುದು. ಯೋಚನೆ ಮಾಡಿ ಹೇಳಿ."

ಕೆಲಸ ಹೋದರೆ ರಂಜಿತ ಕೈತಪ್ಪಿದಂತೆಯೇ. ಚಲುವಮ್ಮನಿಗೆ ಅದು ಗೊತ್ತಿತ್ತು. ಆದರೆ ನಾಳೆ ಮಿಲ್ಲಿನಲ್ಲಿ ಇನ್ನೊಬ್ಬರು ಕೆಮ್ಮುತ್ತಾರೆ. ಜಯರಾಮಯ್ಯ ಅಯ್ಯೋ ಪಾಪ ಎಂದು ಅವರಿಗೂ ಹಗುರ ಕೆಲಸ ಕೊಡುತ್ತಾನೆ...

"ಎಲ್ಲಾನೂ ಬರೀರಿ. ರಚ್ಚು ಅಂತ್ಲೇ ಬರೀರಿ!"

ಮನೆ ಮುಟ್ಟಿದಾಗ ತಿಮ್ಮರಾಜು ಬಾಗಿಲಲ್ಲೇ ಕಾದಿದ್ದ. "ಏನವ್ವ, ಅನ್‌ಫಿಟ್ ಮಾಡುದ್ರಾ? ನಾನು ಯಾವಾಗ ಸೇರ್ಕಬೇಕು?"

"ಗದ್ದೆಗೆ ನೀರು ಕಟ್ಟೋಗ್ಲಾ!" ಎಂದು ಚಿಕ್ಕಬೋರಮ್ಮ ಚೀರಿದಳು. "ಆ ಮೆದೆ ತಾವ ಕಾಲಿಟ್ಟೀಯ, ಕಾಲು ಮುರ್ದುಬುಡ್ತೀನಿ! ಇರೋನು ನೀನೊಬ್ಬ ಕಣ್ಲಾ..."

ಮಾರನೆಯ ಬೆಳಿಗ್ಗೆ ಚಲುವಮ್ಮ ಡಾಕ್ಟರ ಕಾಗದವನ್ನು ಜಯರಾಮಯ್ಯನ ಕೈಗೆ ಕೊಟ್ಟಳು. ಅವನು ಓದಿದ, ಬೆವರೊರೆಸಿಕೊಂಡ. "ನಾನು ಒಳ್ಳೇದಕ್ಕೇ ಅಂತ ಹಾಕಿದ್ದೆ ಕಣಮ್ಮ... ಸಾವ್ಕಾರ್ರು ಏನಂತಾರೋ" ಎಂದ.

"ನಿಮ್ಮನ್ನ ಬಯ್ಯಕ್ಕೆ ಬಂದಿಲ್ಲ ಕಣಣ್ಣ. ಸಾವ್ಕಾರ್ರು ತೀರ್ಮಾನ ಮಾಡ್ಲಿ. ಅಲ್ಲೀಗಂಟ ನಾನು ಮನೆಗೂ ಹೋಗಕಿಲ್ಲ, ಮೆದೆ ತಾವ್ಕೂ ಹೋಗಕಿಲ್ಲ. ಇಲ್ಲೇ ಕುಂತಿರ್ತೀನಿ" ಎಂದು ಗೇಟಿನ ಪಕ್ಕ ಕೂತುಬಿಟ್ಟಳು.

ಬಿಸಿಲೇರಿತು. ಒಳಗೆ ಹೋಗುವವರು ಬರುವವರು ನೋಡಿ ನೋಡಿ ಹೋದರು. ಆಗ ಬೂಕನಕೆರೆ ಕಡೆಯಿಂದ ಬಂದ ಬಸ್ಸಿನಿಂದ ಚಿಕ್ಕಬೋರಮ್ಮ ಇಳಿದಳು. ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈಯಲ್ಲಿ ಅದೇ ನೆಗ್ಗಿದ ಚೊಂಬು! ಸೊಸೆಯ ಪಕ್ಕದಲ್ಲಿ ಉಸ್ಸೆಂದು ಕೂತಳು.

ಹೊತ್ತು ಇಳಿಯುವಷ್ಟರಲ್ಲಿ ಜಯರಾಮಯ್ಯ ಓಡಿಬಂದ. "ಸಾವ್ಕಾರ್ರು ಮೊದ್ಲು ಕೂಗಾಡುದ್ರು, ಆಮೇಲೆ ಒಪ್ಕಂಡ್ರು. ನಾಳಿಂದ ನೀನು ರಟ್ಟು ಕಟ್ಟೋ ಕಡೆ ಬಾ. ಮೆದೆಗೆ ಈಗ್ಲೇ ಪೈಪು ಎಳಿಸ್ತಿದೀನಿ, ನೋಡು!"

ಗೇಟಿನ ಸಂದಿಯಿಂದ ನೀರು ಚಿಮ್ಮುವುದು ಕಾಣುತ್ತಿತ್ತು. ಬೆಳ್ಳಗೆ ಏಳುತ್ತಿದ್ದ ಧೂಳು ನಿಧಾನಕ್ಕೆ ಅಡಗಿತು. ಚಿಕ್ಕಬೋರಮ್ಮ ಅದನ್ನೇ ನೋಡುತ್ತ ಕೂತಳು.

"ನನ್ನ ಮಗನ್ಗೆ ಯಾರೂ ಇಂಗೊಂದು ಚೀಟಿ ಬರ್ಕೊಡ್ನಿಲ್ವಲ್ಲಮ್ಮಿ..." ಎಂದಳು. ಕಣ್ಣೀರು ಸುರಿಯುತ್ತಲೇ ಇತ್ತು, ಒರೆಸಿಕೊಳ್ಳಲೂ ಇಲ್ಲ. ಚೊಂಬೆತ್ತಿ ಬಾಯಿಗೆ ಕಚ್ಚಿಕೊಂಡು ಎರಡು ಗುಟುಕು ಕುಡಿದಳು. ಆಮೇಲೆ ಅದನ್ನು ಸೊಸೆಯ ಕೈಗಿಟ್ಟು, "ಕುಡಿ, ಗಂಟ್ಲು ಒಣಗದೆ. ಮನೇಲಿ ಕೂಸು ದಾರಿ ನೋಡ್ತಾ ಇರ್ತದೆ, ಎದ್ದೇಳು" ಎಂದಳು.